ಅಂಕಿಗಳ ಜೊತೆ ಹೆಸರೂ ಬರಲಿ: ವಿಜ್ಞಾನದ ಗ್ರಿಡ್ ಕಡತಗಳಲ್ಲಿ ಪಠ್ಯ ಮತ್ತು ಪದರದ ಹೆಸರು



ಪ್ರಧಾನ ಭಾಷಣಕ್ಕೆ ಇದೆಂಥ ವಿಷಯ ಎಂದು ಆಹ್ವಾನ ಪತ್ರಿಕೆ ನೋಡಿದಾಗ ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಕಂಪ್ಯೂಟರ್ ಕಡತದಲ್ಲಿ ಹೆಸರನ್ನು ಎಲ್ಲಿ ಬರೆದಿಡಬೇಕು ಎನ್ನುವುದು ಒಂದು ಗಂಟೆಯ ಮಾತಿಗೆ ತಕ್ಕ ಸಂಗತಿಯೇ? ನನ್ನ ಮಟ್ಟಿಗೆ ಹೌದು. ಮಳೆ, ಬರ, ಬೆಳೆ, ಕಾಡು, ಸಮುದ್ರದ ಬಿಸಿ ಇವುಗಳ ಬಗ್ಗೆ ನಾವು ಪತ್ರಿಕೆಯಲ್ಲಿ ನೋಡುವ ಬಣ್ಣಬಣ್ಣದ ನಕ್ಷೆಗಳ ಹಿಂದೆಲ್ಲ ಇಂಥ ಕಡತಗಳಿವೆ. ಬರ ಪರಿಹಾರ ಯಾವ ತಾಲ್ಲೂಕಿಗೆ ಸಿಗಬೇಕು, ಬೆಳೆ ವಿಮೆ ಯಾರಿಗೆ ಬರಬೇಕು ಎಂಬ ತೀರ್ಮಾನಗಳಿಗೂ ಇಂಥ ಅಂಕಿಗಳೇ ಆಧಾರವಾಗುತ್ತಿವೆ. ಆ ಅಂಕಿಗಳಿಗೆ ಅಂಟಿದ್ದ ಹೆಸರು ಉದುರಿಹೋದರೆ ಏನಾಗುತ್ತದೆ, ಉದುರದಂತೆ ಕಟ್ಟುವುದು ಹೇಗೆ ಎನ್ನುವುದೇ ಇವತ್ತಿನ ಮಾತು. ಸಾಫ್ಟ್‌ವೇರ್ ಕೆಲಸದವರಿಗೆ ಕೆಲವು ಭಾಗ ಗೊತ್ತಿರುವುದೇ ಇರಬಹುದು. ಉಳಿದವರಿಗೂ ತಿಳಿಯಲಿ ಎಂದು ಬುಡದಿಂದ ಶುರು ಮಾಡುತ್ತೇನೆ.

ಗ್ರಿಡ್ ಎಂದರೇನು?

ಭೂಪಟದ ಮೇಲೆ ಚೌಕಚೌಕದ ಬಲೆ ಹಾಸಿದ್ದೇವೆ ಎಂದುಕೊಳ್ಳಿ. ಪ್ರತಿ ಚೌಕಕ್ಕೂ ಒಂದು ಸಂಖ್ಯೆ: ಅಲ್ಲಿ ಆ ದಿನ ಬಿದ್ದ ಮಳೆ, ಅಥವಾ ಅಲ್ಲಿನ ಉಷ್ಣಾಂಶ. ಇಂಥ ಒಂದು ಹಾಳೆಯೇ ಒಂದು ಪದರ. ಮರುದಿನದ ಮಳೆಗೆ ಇನ್ನೊಂದು ಪದರ. ಹೀಗೆ ದಿನಕ್ಕೊಂದು ಪದರ, ಆಕಾಶದ ಎತ್ತರಕ್ಕೊಂದು ಪದರ, ಉಪಗ್ರಹದ ಕಣ್ಣಿಗೆ ಕಂಡ ಬೆಳಕಿನ ಬಣ್ಣಕ್ಕೊಂದು ಪದರ. ಇವನ್ನೆಲ್ಲ ಅಡುಕಿ ಕಟ್ಟಿದ ಕಟ್ಟೇ ಗ್ರಿಡ್ ಕಡತ.

ಕಂಪ್ಯೂಟರಿಗೆ ಇದು ಬಹಳ ಇಷ್ಟವಾಗುವ ರೂಪ. ಎಲ್ಲ ಸಂಖ್ಯೆಗಳೂ ಒಂದೇ ಅಳತೆಯವು, ಸಾಲಾಗಿ ನಿಂತಿವೆ. ಎಷ್ಟನೆಯದು ಬೇಕೋ ಲೆಕ್ಕ ಹಾಕಿ ನೇರ ಅಲ್ಲಿಗೇ ಹೋಗಬಹುದು. ಆದರೆ ಆ ಸಂಖ್ಯೆ ಏನು, ಯಾವ ಊರಿನದು, ಯಾವ ದಿನದ್ದು, ಯಾವ ಮಾನದಲ್ಲಿದೆ ಎಂದು ಹೇಳುವುದು ಮಾತು. ಅದಕ್ಕೆ ಬೇರೆಯೇ ಏರ್ಪಾಡು ಬೇಕು.

ಮಳೆ ಆಗುಂಬೆಯದೋ ಅಮೃತಸರದ್ದೋ?

ನಮಗೆಲ್ಲ ಹತ್ತಿರವಾದ ಉದಾಹರಣೆ ಕೊಡುತ್ತೇನೆ. ಭಾರತ ಹವಾಮಾನ ಇಲಾಖೆ 1901ರಿಂದ ಈಚಿನ ದೈನಿಕ ಮಳೆಯ ಗ್ರಿಡ್ ದತ್ತಾಂಶವನ್ನು ಎಲ್ಲರಿಗೂ ತೆರೆದಿಟ್ಟಿದೆ. ಕಾಲು ಡಿಗ್ರಿಯ ಚೌಕಗಳು. ರೇಖಾಂಶ 66.5ರಿಂದ 100ರವರೆಗೆ 135 ಕಂಬಸಾಲು, ಅಕ್ಷಾಂಶ 6.5ರಿಂದ 38.5ರವರೆಗೆ 129 ಅಡ್ಡಸಾಲು. ಒಟ್ಟು 17,415 ಸಂಖ್ಯೆಗಳು ಸೇರಿ ಒಂದು ದಿನ.

ಇದು ಎರಡು ರೂಪದಲ್ಲಿ ಸಿಗುತ್ತದೆ. ಒಂದು, ಹೆಸರು ಮಾನ ಎಲ್ಲ ಒಳಗೇ ಇರುವ ನೆಟ್‌ಸಿಡಿಎಫ್ ರೂಪ. ಇನ್ನೊಂದು, ಬರೀ ಸಂಖ್ಯೆಗಳ ಬೈನರಿ ರೂಪ. ಅದನ್ನು ಓದುವ ಬಗೆಯನ್ನು ಪ್ರತ್ಯೇಕವಾಗಿ ತಿಳಿಸಿರುತ್ತಾರೆ. ಈ ಬೈನರಿ ಕಡತದೊಳಗೆ ಮಳೆ ಎಂಬ ಪದವಿಲ್ಲ, ಮಿಲಿಮೀಟರ್ ಎಂಬ ಪದವಿಲ್ಲ, ವರ್ಷವೂ ಇಲ್ಲ. ಸಂಖ್ಯೆಗೆ 4 ಬೈಟ್‌ನಂತೆ ದಿನಕ್ಕೆ 69,660 ಬೈಟ್. ಸಾಮಾನ್ಯ ವರ್ಷದ ಕಡತ 2,54,25,900 ಬೈಟ್, ಅಧಿಕ ವರ್ಷದ್ದು 2,54,95,560 ಬೈಟ್. ಕಡತದ ಹೆಸರನ್ನು ಯಾರಾದರೂ ಬದಲಿಸಿಬಿಟ್ಟರೆ, ಅದು ಅಧಿಕ ವರ್ಷವೋ ಅಲ್ಲವೋ ಎಂಬುದನ್ನು ಗಾತ್ರ ನೋಡಿ ಹೇಳಬಹುದು, ಯಾವ ವರ್ಷ ಎಂದು ಹೇಳಲಾಗದು.

ಈಗ ಆಗುಂಬೆಯನ್ನು ಹುಡುಕೋಣ. ಅದಕ್ಕೆ ಹತ್ತಿರದ ಗ್ರಿಡ್ ಬಿಂದು 13.5 ಡಿಗ್ರಿ ಉತ್ತರ, 75 ಡಿಗ್ರಿ ಪೂರ್ವ. ಸಾಲುಗಳು ದಕ್ಷಿಣದಿಂದ ಉತ್ತರಕ್ಕೆ ಜೋಡಿಸಿವೆ. ಹಾಗಾಗಿ 29ನೇ ಅಡ್ಡಸಾಲಿನ 35ನೇ ಸ್ಥಾನ, ಅಂದರೆ ಆ ದಿನದ ಪದರದಲ್ಲಿ 3,815ನೇ ಸಂಖ್ಯೆ. ಆದರೆ ಭೂಪಟವನ್ನು ನಾವು ಮೇಲಿನಿಂದ ಕೆಳಕ್ಕೆ ಓದುವವರು. ಚಿತ್ರಗಳನ್ನು ಇಡುವ ಎಷ್ಟೋ ಕಡತಗಳೂ ಮೇಲಿನ ಸಾಲಿನಿಂದಲೇ ಶುರುವಾಗುತ್ತವೆ. ಆ ಅಭ್ಯಾಸದಲ್ಲಿ ಮೊದಲ ಸಾಲು ಉತ್ತರದ್ದು ಎಂದುಕೊಂಡರೆ ಅದೇ 3,815ನೇ ಸಂಖ್ಯೆ 31.5 ಡಿಗ್ರಿ ಉತ್ತರಕ್ಕೆ ಹೋಗಿ ಕೂರುತ್ತದೆ. ಅದು ಪಂಜಾಬಿನ ಅಮೃತಸರದ ಪಕ್ಕ. ಮಲೆನಾಡಿನ ಜುಲೈ ಮಳೆ ಪಂಜಾಬಿನ ಗೋಧಿ ಹೊಲಕ್ಕೆ ಸುರಿಯುತ್ತದೆ! ಕಂಪ್ಯೂಟರ್ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ. ಅದಕ್ಕೆ ಎರಡೂ ಬರೀ ಸ್ಥಾನ.

ಇನ್ನೂ ಸೂಕ್ಷ್ಮವಾದದ್ದು ಖಾಲಿ ಚೌಕಗಳ ಕಥೆ. ಸಮುದ್ರದ ಮೇಲೆ ಅಳತೆ ಇಲ್ಲದ ಕಡೆ ಮಳೆಯ ಬೈನರಿ ಕಡತದಲ್ಲಿ -999 ಎಂದಿರುತ್ತದೆ. ಉಷ್ಣಾಂಶದ ಕಡತದಲ್ಲಿ ಅದೇ ಕೆಲಸಕ್ಕೆ 99.9 ಬಳಸಿದ್ದಾರೆ. ಮೊದಲನೆಯದನ್ನು ನೋಡಿದವರಿಗೆ ಇದು ಮಳೆಯಲ್ಲ ಎಂದು ಕೂಡಲೇ ಹೊಳೆಯುತ್ತದೆ. 99.9 ಹಾಗಲ್ಲ. ಈ ದೇಶದಲ್ಲಿ ಫ್ಯಾರನ್‌ಹೀಟ್‌ಗೆ ಒಗ್ಗಿಹೋದ ನಮಗೆ ಅದು ಬೇಸಿಗೆಯ ಒಂದು ಮಧ್ಯಾಹ್ನದ ಬಿಸಿಯಂತೆಯೇ ಕಾಣುತ್ತದೆ. ‘ಇದು ಅಳತೆಯಲ್ಲ, ಖಾಲಿ ಜಾಗ’ ಎಂಬ ಚೀಟಿ ಕಡತದೊಳಗೇ ಇದ್ದರೆ ತಂತ್ರಾಂಶವೇ ಅದನ್ನು ಬಿಟ್ಟು ಸರಾಸರಿ ತೆಗೆಯುತ್ತದೆ.

ಪದರದ ಹೆಸರು ‘ನಾಲ್ಕು’

ಎರಡನೇ ಉದಾಹರಣೆ ಉಪಗ್ರಹದ್ದು. ಹಸಿರು ಬೆಳೆ ಎಷ್ಟು ಸೊಂಪಾಗಿದೆ ಎಂದು ತಿಳಿಯಲು ಎನ್‌ಡಿವಿಐ ಎಂಬ ಸೂಚ್ಯಂಕವನ್ನು ಲೆಕ್ಕ ಹಾಕುತ್ತಾರೆ. ಲೆಕ್ಕ ಸರಳ: ನಸು ಅವಕೆಂಪು ಬೆಳಕಿನ ಪದರದಿಂದ ಕೆಂಪು ಬೆಳಕಿನ ಪದರವನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸುವುದು. 1999ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್ 7ರಲ್ಲಿ ಕೆಂಪು 3ನೇ ಪದರ, ನಸು ಅವಕೆಂಪು 4ನೇ ಪದರ. 2013ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್ 8ರಲ್ಲಿ ಮುಂದೆ ಹೊಸದೊಂದು ಪದರ ಸೇರಿಕೊಂಡಿತು. ಕೆಂಪು 4ಕ್ಕೆ ಸರಿಯಿತು, ನಸು ಅವಕೆಂಪು 5ಕ್ಕೆ ಸರಿಯಿತು.

ಹಳೆಯ ಪ್ರೋಗ್ರಾಮು ‘4 ಕಳೆ 3’ ಎಂದೇ ಬರೆದಿದ್ದರೆ, ಹೊಸ ಉಪಗ್ರಹದ ಚಿತ್ರದಲ್ಲಿ ಅದು ಕೆಂಪಿನಿಂದ ಹಸಿರನ್ನು ಕಳೆಯುತ್ತದೆ. ಉತ್ತರ ಆಗಲೂ -1 ಮತ್ತು 1ರ ನಡುವೆಯೇ ಬರುತ್ತದೆ. ನಕ್ಷೆಯೂ ಚೆನ್ನಾಗಿಯೇ ಕಾಣುತ್ತದೆ. ಆದರೆ ಅದು ಬೆಳೆಯ ನಕ್ಷೆಯಲ್ಲ. ಪ್ರೋಗ್ರಾಮು ‘ಕೆಂಪು’ ಎಂಬ ಹೆಸರನ್ನು ಕೇಳಿ, ಕಡತ ಆ ಹೆಸರಿನ ಪದರವನ್ನು ಕೊಟ್ಟಿದ್ದರೆ ಈ ಗೊಂದಲವೇ ಇಲ್ಲ.

ಹೆಸರಿಲ್ಲದ ಅಂಕಿಯ ಅಪಾಯ ಇಷ್ಟೇ ಸ್ನೇಹಿತರೇ: ಅದು ಕೆಟ್ಟಿದ್ದು ಗೊತ್ತಾಗುವುದಿಲ್ಲ. ಊರಿನಿಂದ ಅಮ್ಮ ಕಳಿಸಿದ ಸಾರಿನ ಪುಡಿ, ಹುಳಿ ಪುಡಿ, ವಾಂಗೀಬಾತ್ ಪುಡಿ ಮೂರೂ ಒಂದೇ ಬಣ್ಣ. ಚೀಟಿಯನ್ನು ಸೂಟ್‌ಕೇಸಿನ ಮೇಲೆ ಅಂಟಿಸಿದರೆ ವಿಮಾನ ನಿಲ್ದಾಣದಲ್ಲೇ ಹರಿದುಹೋಗುತ್ತದೆ. ಪ್ರತಿ ಪೊಟ್ಟಣದೊಳಗೂ ಒಂದೊಂದು ಚೀಟಿ ಇಟ್ಟು ಕಟ್ಟಿದರೆ ಮಾತ್ರ ಉಳಿಯುತ್ತದೆ. ಗ್ರಿಡ್ ಕಡತಕ್ಕೂ ಇದೇ ನಿಯಮ.

ಚೀಟಿ ಇಡುವ ನಾಲ್ಕು ಬಗೆ

ಮೊದಲನೆಯದು ನೆಟ್‌ಸಿಡಿಎಫ್. ಇದೇ ದೇಶದ ಕೊಲೊರಾಡೊ ರಾಜ್ಯದ ಬೌಲ್ಡರ್ ಊರಿನಲ್ಲಿ, ಯೂನಿಡೇಟಾ ಎಂಬ ಕೇಂದ್ರದಲ್ಲಿ, 1980ರ ದಶಕದ ಕೊನೆಯಲ್ಲಿ ಹುಟ್ಟಿತು. ಕಡತವೇ ತನ್ನ ಪರಿಚಯ ಹೇಳಿಕೊಳ್ಳಬೇಕು ಎನ್ನುವುದು ಅದರ ಮೂಲ ಆಸೆ. ಆದರೂ ಅದರ ಹಳೆಯ ರೂಪದಲ್ಲಿ ಆರೇ ಬಗೆಯ ದತ್ತಾಂಶ: ಐದು ಸಂಖ್ಯೆಗಳಿಗೆ, ಆರನೆಯದು ‘ಕ್ಯಾರ್’, ಅಂದರೆ ಒಂದೇ ಒಂದು ಬೈಟಿನ ಅಕ್ಷರ. ಪದ ಎಂಬ ಬಗೆಯೇ ಇಲ್ಲ. ಹಾಗಾಗಿ ಊರುಗಳ ಪಟ್ಟಿ ಇಡಬೇಕಾದರೆ ಪದವನ್ನೂ ಗ್ರಿಡ್ ಮಾಡುತ್ತಿದ್ದರು: ಊರಿಗೊಂದು ಸಾಲು, ಸಾಲಿನಲ್ಲಿ ಇಂತಿಷ್ಟು ಮನೆ, ಮನೆಗೊಂದು ಅಕ್ಷರ. ಉದ್ದದ ಹೆಸರಿಗೆ ಸಾಕಾಗುವಷ್ಟು ಮನೆ ಇಟ್ಟು, ಚಿಕ್ಕ ಹೆಸರಿನ ಮುಂದೆ ಖಾಲಿ ತುಂಬುವುದು. ಆ ಖಾಲಿಯಲ್ಲೂ ಭೇದವಿದೆ. ಸಿ ಭಾಷೆಯವರು ಸೊನ್ನೆ ಬೈಟ್ ತುಂಬುತ್ತಾರೆ, ಫೋರ್ಟ್ರಾನ್‌ನವರು ಸ್ಪೇಸ್ ತುಂಬುತ್ತಾರೆ. ಹೀಗಾಗಿ ಒಂದೇ ಊರಿನ ಹೆಸರು ಎರಡು ಕಡತಗಳಲ್ಲಿ ಒಂದೇ ಎಂದು ಹೊಂದಿಕೊಳ್ಳದೆ ಹೋಗಬಹುದು.

2008ರಲ್ಲಿ ಬಂದ ನೆಟ್‌ಸಿಡಿಎಫ್-4 ಎಚ್‌ಡಿಎಫ್5 ಎಂಬ ಇನ್ನೊಂದು ರೂಪದ ಮೇಲೆ ನಿಂತಿದೆ. ಅದರಲ್ಲಿ ಎಷ್ಟುದ್ದ ಬೇಕಾದರೂ ಇರಬಲ್ಲ ‘ಸ್ಟ್ರಿಂಗ್’ ಸಿಕ್ಕಿತು. ಇದಕ್ಕೂ ಬೆಲೆಯಿದೆ. ಉದ್ದ ಗೊತ್ತಿಲ್ಲದ ಪದಗಳನ್ನು ಸಾಲಾಗಿ ನಿಲ್ಲಿಸಲಾಗದು. ಗ್ರಿಡ್‌ನಲ್ಲಿ ವಿಳಾಸ ಮಾತ್ರ ಇರುತ್ತದೆ, ಪದ ಬೇರೆ ಕಡೆ ಇರುತ್ತದೆ. ಸಂಖ್ಯೆಗಳನ್ನು ಕುಗ್ಗಿಸಿ ಇಡುವ ತಂತ್ರ ಆ ಪದಗಳಿಗೆ ಒದಗುವುದಿಲ್ಲ. ನೂರು ಊರಿನ ಹೆಸರಿಗೆ ಇದೇನೂ ತೊಂದರೆಯಲ್ಲ. ಲಕ್ಷಗಟ್ಟಲೆ ಚೌಕಗಳಲ್ಲಿ ಪ್ರತಿಯೊಂದಕ್ಕೂ ಪದ ಬರೆಯಲು ಹೊರಟರೆ ಕಡತ ಉಬ್ಬುತ್ತದೆ.

ಎರಡನೇ ಬಗೆ ಗ್ರಿಬ್. ವಿಶ್ವ ಹವಾಮಾನ ಸಂಸ್ಥೆಯ ಈ ರೂಪದಲ್ಲಿ ಹೆಸರೇ ಇರುವುದಿಲ್ಲ, ಸಂಕೇತ ಸಂಖ್ಯೆ ಇರುತ್ತದೆ. ಎರಡನೇ ಆವೃತ್ತಿಯಲ್ಲಿ 0, 0, 0 ಎಂದರೆ ಉಷ್ಣಾಂಶ. ಜಾಗ ಉಳಿಯುತ್ತದೆ, ಭಾಷೆಯ ತಂಟೆಯಿಲ್ಲ. ಆದರೆ ಅರ್ಥ ತಿಳಿಯಲು ಹೊರಗಿನ ಕೋಷ್ಟಕ ಬೇಕೇ ಬೇಕು. ಮೊದಲ ಆವೃತ್ತಿಯ ಕಾಲದಲ್ಲಿ ಅಮೆರಿಕದ ಕಡತಗಳಲ್ಲಿ ಉಷ್ಣಾಂಶಕ್ಕೆ 11, ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರದ ಕೋಷ್ಟಕದಲ್ಲಿ 130. ಯಾರ ಕೋಷ್ಟಕ ಎಂದು ಗೊತ್ತಿಲ್ಲದೆ ಸಂಖ್ಯೆ ಓದುವಂತಿಲ್ಲ.

ಮೂರನೆಯದು ಜಿಯೋಟಿಫ್. ನಕ್ಷೆ ಕೆಲಸದವರೆಲ್ಲ ಬಳಸುವ ರೂಪ. ಚಿತ್ರ ಯಾವ ಜಾಗದ್ದು ಎಂದು ಅದು ಖಚಿತವಾಗಿ ಹೇಳುತ್ತದೆ, ಪದರಕ್ಕೆ ಹೆಸರಿಡಲು ಮಾತ್ರ ಎಲ್ಲರೂ ಒಪ್ಪಿದ ಜಾಗವಿಲ್ಲ. ಜಿಡಾಲ್ ಎಂಬ ಮುಕ್ತ ತಂತ್ರಾಂಶ 42112 ಎಂಬ ಸಂಖ್ಯೆಯ ಖಾನೆಯಲ್ಲಿ ಹೆಸರುಗಳನ್ನು ಬರೆದಿಡುತ್ತದೆ. ಆ ಖಾನೆಯನ್ನು ತೆರೆದು ನೋಡದ ತಂತ್ರಾಂಶಕ್ಕೆ ಕಾಣುವುದು ಮತ್ತೆ ಒಂದು, ಎರಡು, ಮೂರು ಮಾತ್ರ. ಕೆಲವೊಮ್ಮೆ ಹೆಸರುಗಳು ಪಕ್ಕದಲ್ಲಿ ಹುಟ್ಟುವ ಪುಟ್ಟ ಎಕ್ಸ್‌ಎಂಎಲ್ ಕಡತಕ್ಕೆ ಹೋಗುತ್ತವೆ. ದೊಡ್ಡ ಕಡತವನ್ನು ಇಮೇಲ್ ಮಾಡುವಾಗ ಪುಟ್ಟದು ಮನೆಯಲ್ಲೇ ಉಳಿಯುತ್ತದೆ.

ನಾಲ್ಕನೆಯದು ರೂಪವಲ್ಲ, ಒಪ್ಪಂದ. ಸಿಎಫ್ ಎಂದು ಕರೆಯುವ ಈ ನಿಯಮಾವಳಿಯ ಮೊದಲ ಆವೃತ್ತಿ 2003ರಲ್ಲಿ ಬಂತು. ಅದು ಒಂದೇ ಹೆಸರನ್ನು ಮೂರು ಕೆಲಸಕ್ಕೆ ಒಡೆಯಿತು. ಪ್ರೋಗ್ರಾಮಿಗೆ ಚಿಕ್ಕ ಹೆಸರು. ‘ಸ್ಟ್ಯಾಂಡರ್ಡ್ ನೇಮ್’ ಎಂಬಲ್ಲಿ ಜಗತ್ತೆಲ್ಲ ಒಪ್ಪಿದ ಪಟ್ಟಿಯ ಹೆಸರು. ‘ಲಾಂಗ್ ನೇಮ್’ ಎಂಬಲ್ಲಿ ಮನುಷ್ಯರು ಓದಲು ವಿವರವಾದ ಹೆಸರು. ಅಲ್ಲಿ ಏನು ಬರೆಯಬೇಕೆಂಬುದು ನಿಮ್ಮ ಇಷ್ಟ. ಇವುಗಳ ಜೊತೆಗೆ ‘ಯೂನಿಟ್ಸ್’ ಎಂಬಲ್ಲಿ ಮಾನ.

ಪ್ರತಿ ಚೌಕಕ್ಕೂ ಪದ ಬೇಕಾದಾಗಿನ ತೊಂದರೆಗೂ ಅದು ದಾರಿ ತೋರಿಸಿತು: ಚೌಕದಲ್ಲಿ ಚಿಕ್ಕ ಸಂಖ್ಯೆ ಇಡಿ, ಆ ಸಂಖ್ಯೆಗಳ ಅರ್ಥದ ಪಟ್ಟಿಯನ್ನು ಅದೇ ಕಡತದೊಳಗೆ ಒಮ್ಮೆ ಬರೆಯಿರಿ. ಈ ಪಟ್ಟಿ ಎಷ್ಟು ಮುಖ್ಯ ಎಂಬುದಕ್ಕೆ ನಾಸಾದ ಮೋಡಿಸ್ ಭೂಬಳಕೆ ನಕ್ಷೆ ಸಾಕ್ಷಿ. ಅದರ 5ನೇ ಸಂಗ್ರಹದಲ್ಲಿ ನೀರಿಗೆ 0, 6ನೇ ಸಂಗ್ರಹದಲ್ಲಿ ನೀರಿಗೆ 17. ಪಟ್ಟಿಯಿಲ್ಲದೆ ಎರಡನ್ನೂ ಹೋಲಿಸಿದರೆ ಕೆರೆ, ಸಮುದ್ರ ಎಲ್ಲ ಬದಲಾಗಿಹೋದಂತೆ ಕಾಣುತ್ತದೆ.

ಕನ್ನಡದಲ್ಲಿ ಬರೆದರೆ?

ಇಷ್ಟು ಹೊತ್ತು ಕೇಳಿದ ಮೇಲೆ ನಿಮ್ಮಲ್ಲಿ ಒಂದು ಪ್ರಶ್ನೆ ಎದ್ದಿರಬೇಕು: ಊರಿನ ಹೆಸರನ್ನು ಕನ್ನಡದಲ್ಲೇ ಬರೆಯಬಹುದೇ? ಬರೆಯಬಹುದು. ಆದರೆ ಲೆಕ್ಕ ತಿಳಿದಿರಬೇಕು.

ಚಿತ್ರದುರ್ಗ ಎಂಬ ಹೆಸರನ್ನು ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ: ಚಿ, ತ್ರ, ದು, ರ್ಗ. ಯೂನಿಕೋಡ್ ಗುಣಿತ, ಒತ್ತು, ವಿರಾಮಗಳನ್ನೆಲ್ಲ ಬಿಡಿಸಿ ಎಣಿಸುತ್ತದೆ, ಅಲ್ಲಿ ಹತ್ತು. ಯುಟಿಎಫ್-8 ಎಂಬ ಬರಹಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್. ಒಟ್ಟು 30 ಬೈಟ್. ಅದೇ ಹೆಸರು ಇಂಗ್ಲಿಷಿನಲ್ಲಿ 11 ಅಕ್ಷರ, 11 ಬೈಟ್.

ಈಗ ಯಾರೋ ‘ಊರಿನ ಹೆಸರಿಗೆ 20 ಮನೆ ಸಾಕು’ ಎಂದು ಹಳೆಯ ಬಗೆಯ ಕಡತ ಮಾಡಿದ್ದಾರೆ ಎನ್ನಿ. ಇಂಗ್ಲಿಷ್ ಹೆಸರುಗಳು ಆರಾಮವಾಗಿ ಕೂರುತ್ತವೆ. ಕನ್ನಡದಲ್ಲಿ ಆಗುಂಬೆ 18 ಬೈಟ್, ಬಚಾವ್. ಮಡಿಕೇರಿ 21 ಬೈಟ್. ಕೊನೆಯ ಗುಣಿತ ತುಂಡಾಗಿ ‘ಮಡಿಕೇರ’ ಮತ್ತು ಒಂದು ಪ್ರಶ್ನೆಚಿಹ್ನೆ ಉಳಿಯುತ್ತದೆ. ಚಿತ್ರದುರ್ಗ ಕತ್ತರಿಸಿ ‘ಚಿತ್ರದ’ ಆಗುತ್ತದೆ. ದುರ್ಗವೇ ಮಾಯ!

ಇನ್ನೊಂದು ಸಂಗತಿ ಕಣ್ಣಿಗೇ ಕಾಣುವುದಿಲ್ಲ. ಮಡಿಕೇರಿಯ ‘ಕೇ’ಯನ್ನು ಎರಡು ರೀತಿ ಬರೆಯಬಹುದು: ಕ ಜೊತೆಗೆ ಏತ್ವದ ದೀರ್ಘ ರೂಪವೇ ಒಂದು ಸಂಕೇತವಾಗಿ, ಅಥವಾ ಎತ್ವ ಒಂದು, ದೀರ್ಘದ ಕೊಂಬು ಇನ್ನೊಂದು ಎಂದು ಎರಡು ಸಂಕೇತವಾಗಿ. ಪರದೆಯ ಮೇಲೆ ಎರಡೂ ಒಂದೇ. ಕಂಪ್ಯೂಟರಿಗೆ ಒಂದು 21 ಬೈಟ್, ಇನ್ನೊಂದು 24 ಬೈಟ್. ಎರಡು ಬೇರೆ ಊರು. ಇಂಥವನ್ನು ಒಂದೇ ರೂಪಕ್ಕೆ ತರುವ ಕ್ರಮಕ್ಕೆ ಎನ್‌ಎಫ್‌ಸಿ ಎನ್ನುತ್ತಾರೆ. ನೆಟ್‌ಸಿಡಿಎಫ್ ಚರಾಂಶ, ಆಯಾಮಗಳ ಹೆಸರುಗಳಿಗೆ ತಾನೇ ಇದನ್ನು ಮಾಡುತ್ತದೆ. ಆದರೆ ಒಳಗೆ ತುಂಬಿಸಿದ ಊರಿನ ಪಟ್ಟಿಯನ್ನು ಕೊಟ್ಟ ಹಾಗೆಯೇ ಇಡುತ್ತದೆ. ಆ ಕೆಲಸ ಬರೆಯುವವರದ್ದು. ಹಳೆಯ ಫಾಂಟ್ ಆಧಾರಿತ ಕಡತಗಳನ್ನು ತೆರೆದು ಗೀಟುಗೀಟಿನ ಅಕ್ಷರ ನೋಡಿ ತಲೆ ಕೆಡಿಸಿಕೊಂಡವರು ಇಲ್ಲಿ ಬಹಳ ಮಂದಿ ಇದ್ದೀರಿ. ಯಾವ ಬರಹಕ್ರಮ ಎಂದು ಕಡತದಲ್ಲಿ ಬರೆದಿಡದಿದ್ದರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಹೆಸರು ಬದಲಾಗುವುದೂ ಉಂಟು. 2014ರ ರಾಜ್ಯೋತ್ಸವದಂದು ಕರ್ನಾಟಕದ 12 ಊರುಗಳ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾಯಿತು. ಗುಲ್ಬರ್ಗ ಕಲಬುರಗಿಯಾಯಿತು, ಬೆಳಗಾಂ ಬೆಳಗಾವಿಯಾಯಿತು. ಹೆಸರನ್ನೇ ನಂಬಿದ ಪ್ರೋಗ್ರಾಮಿಗೆ ಗುಲ್ಬರ್ಗದ ಮಳೆ 2014ಕ್ಕೆ ನಿಂತುಹೋಯಿತು, ಕಲಬುರಗಿ ಎಂಬ ಹೊಸ ಊರಲ್ಲಿ ಮಳೆ ಶುರುವಾಯಿತು. ಆದ್ದರಿಂದ ಹೆಸರಿನ ಪಕ್ಕದಲ್ಲಿ ಬದಲಾಗದ ಗುರುತೂ ಬೇಕು. ಬೆಂಗಳೂರಿನ ಹವಾಮಾನ ಕೇಂದ್ರಕ್ಕೆ ಜಾಗತಿಕ ಸಂಖ್ಯೆ 43295. ಇಂಗ್ಲಿಷಿನಲ್ಲಿ ಊರಿನ ಹೆಸರು ಹೇಗೆ ಬರೆದರೂ ಆ ಸಂಖ್ಯೆ ಕೇಂದ್ರವನ್ನು ಗುರುತಿಸುತ್ತದೆ.

ಮನೆಗೆ ಒಯ್ಯಬೇಕಾದ ಬುತ್ತಿ

ಇಂಥ ಕಡತ ಮಾಡುವವರು, ಮಾಡಿಸುವವರು ಈ ಸಭೆಯಲ್ಲಿದ್ದೀರಿ. ವಿದ್ಯಾರ್ಥಿಗಳೂ ಇದ್ದೀರಿ. ನೆನಪಿಡಬೇಕಾದದ್ದು ಕೆಲವೇ.

ಒಂದು, ಚರಾಂಶದ ಚಿಕ್ಕ ಹೆಸರನ್ನು ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆಗಳಲ್ಲೇ ಇಡಿ. ಸಿಎಫ್ ಸಲಹೆಯೂ ಅದೇ. ಕನ್ನಡಾಭಿಮಾನವನ್ನು ಅಲ್ಲಿ ತೋರಿಸಬೇಡಿ. ‘ಲಾಂಗ್ ನೇಮ್‌’ನಲ್ಲಿ, ಊರುಗಳ ಪಟ್ಟಿಯಲ್ಲಿ ಧಾರಾಳವಾಗಿ ತೋರಿಸಿ.

ಎರಡು, ಪದರದ ಹೆಸರನ್ನು ಕಡತದ ಹೆಸರಿನಲ್ಲಿ ಮಾತ್ರ ಬಿಡಬೇಡಿ. ದಿನಾಂಕ, ಎತ್ತರ, ಬಣ್ಣ ಯಾವುದಾದರೂ ಸರಿ, ಕಡತದೊಳಗೆ ಪದರಗಳ ಪಕ್ಕದಲ್ಲೇ ಪಟ್ಟಿಯಾಗಿ ಇರಲಿ. ಅಕ್ಷಾಂಶದ ಪಟ್ಟಿ ಒಳಗಿದ್ದರೆ ಆಗುಂಬೆ ಆಗುಂಬೆಯಲ್ಲೇ ಇರುತ್ತದೆ.

ಮೂರು, ವರ್ಗಗಳಿದ್ದರೆ ಸಂಖ್ಯೆ ಮತ್ತು ಅರ್ಥದ ಪಟ್ಟಿ ಎರಡನ್ನೂ ಬರೆಯಿರಿ. ಸಿಎಫ್‌ನ ಅರ್ಥದ ಪಟ್ಟಿಯಲ್ಲಿ ಸ್ಪೇಸ್ ಬಂದರೆ ಹೊಸ ಹೆಸರು ಶುರುವಾಯಿತು ಎಂದರ್ಥ; ಎರಡು ಪದದ ಹೆಸರನ್ನು ಅಡಿಗೆರೆಯಿಂದ ಜೋಡಿಸಿ. ಅಲ್ಲಿಯೂ ಇಂಗ್ಲಿಷ್ ಅಕ್ಷರವೇ ಕ್ಷೇಮ. ಕನ್ನಡದ ಹೆಸರಿಗೆ ಪ್ರತ್ಯೇಕ ಪಟ್ಟಿ ಮಾಡಿ.

ನಾಲ್ಕು, ಕನ್ನಡ ಬರೆಯುವಾಗ ಯುಟಿಎಫ್-8, ಎನ್‌ಎಫ್‌ಸಿ. ಜಾಗವನ್ನು ಅಕ್ಷರದಲ್ಲಿ ಎಣಿಸಬೇಡಿ, ಬೈಟ್‌ನಲ್ಲಿ ಎಣಿಸಿ. ಆದರೆ ಸ್ಟ್ರಿಂಗ್ ಬಳಸಿ. ಮಾನ ಮತ್ತು ಖಾಲಿ ಜಾಗದ ಗುರುತು ಎಂದೂ ಮರೆಯಬೇಡಿ.

ಐದು, ಕಡತ ಮುಗಿದ ಮೇಲೆ ಒಂದು ಪರೀಕ್ಷೆ. ಅದಕ್ಕೆ ಗುರುತಿಲ್ಲದ ಒಂದು ಹೆಸರು ಕೊಟ್ಟು, ಜೊತೆಗಿನ ಬೇರೆ ಯಾವ ಕಡತವನ್ನೂ ಕಳಿಸದೆ, ನಿಮ್ಮ ಕೆಲಸದ ಬಗ್ಗೆ ಗೊತ್ತಿಲ್ಲದ ಸ್ನೇಹಿತರೊಬ್ಬರಿಗೆ ಕೊಡಿ. ನೆಟ್‌ಸಿಡಿಎಫ್ ಆದರೆ ಎನ್‌ಸಿಡಂಪ್ ಎಂಬ ಪುಟ್ಟ ಉಪಕರಣ ತಲೆಬರಹವನ್ನೆಲ್ಲ ತೋರಿಸುತ್ತದೆ. ಇದು ಏನು, ಎಲ್ಲಿಯದು, ಯಾವಾಗಿನದು, ಯಾವ ಮಾನದ್ದು ಎಂಬ ನಾಲ್ಕು ಪ್ರಶ್ನೆಗೂ ಅವರು ನಿಮಗೆ ಫೋನ್ ಮಾಡದೆ ಉತ್ತರ ಹೇಳಿದರೆ ನಿಮ್ಮ ಕಡತ ಪಾಸು.

1901ರ ಮಳೆಯನ್ನು ಅಳೆದವರು ಯಾರೂ ಇಂದು ನಮ್ಮ ನಡುವೆ ಇಲ್ಲ. ಮಳೆಮಾಪಕದ ನೀರನ್ನು ಬೆಳಗ್ಗೆ ಬೆಳಗ್ಗೆ ಅಳೆದು, ಊರು, ದಿನ, ಅಳತೆ ಮೂರನ್ನೂ ಒಂದೇ ಸಾಲಿನಲ್ಲಿ ಬರೆದಿಟ್ಟದ್ದರಿಂದ ಆ ಅಂಕಿ ನಮ್ಮ ಉಪಯೋಗಕ್ಕೆ ಬಂದಿದೆ. ಇಂದು ಕರ್ನಾಟಕದ ಹೋಬಳಿ, ಗ್ರಾಮ ಪಂಚಾಯಿತಿಗಳ ಮಳೆಮಾಪಕಗಳಿಂದ ಬರುತ್ತಿರುವ ಅಂಕಿಗಳೂ ನೂರು ವರ್ಷದ ಮೇಲೆ ಯಾರಿಗೋ ಬೇಕಾಗುತ್ತವೆ. ಆಗ ನಾವ್ಯಾರೂ ಇರುವುದಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡಲು ಕಡತವೊಂದೇ ಇರುತ್ತದೆ. ಅದಕ್ಕೆ ಬೇಕಾದ ನಾಲ್ಕು ಮಾತನ್ನು ಇಂದೇ ಬರೆದಿಡೋಣ.

 ಊಟದ ಹೊತ್ತಿನಲ್ಲಿ ಪ್ರಶ್ನೆಗಳಿದ್ದರೆ ಖಂಡಿತ ಬನ್ನಿ.